ಆಕಾಶಯುದ್ಧದಲ್ಲಿ ವೀರಧರ್ಮ

ಯುದ್ಧವು ಸಕಲ ಅಧರ್ಮಗಳಿಗೂ ತವರುಮನೆಯೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಆದರೂ ಯುದ್ಧದಲ್ಲಿಯೂ ಒಂದು ಧರ್ಮವುಂಟೆಂಬ ನಂಬಿಕೆಯನ್ನು ನಮ್ಮ ಪೂರ್ವಿಕರು ಬಿಟ್ಟವರಲ್ಲ. ಕುರುಕ್ಷೇತ್ರದಲ್ಲಿ ಕಾಳಗವು ಮೊದಲಾಗುವುದಕ್ಕೆ ಮುನ್ನ ಉಭಯಪಕ್ಷದವರೂ ಸೇರಿ ಕೆಲವು ಕಟ್ಟಳೆಗಳನ್ನು ಮಾಡಿಕೊಂಡರೆಂದು ಭೀಷ್ಮಪರ್ವದಲ್ಲಿ ಹೇಳಿದೆ. ರಥಿಕನು ರಥಿಕನೊಡನೆಯೇ ಕಾದಬೇಕು. ಆಯುಧವನ್ನು ಕಳೆದುಕೊಂಡವನನ್ನೂ, ಬೆನ್ನು ತೋರಿದವನನ್ನೂ, ಮತ್ತೊಬ್ಬನೊಡನೆ ಕಾದುತ್ತಿರುವವನನ್ನೂ ಹೊಡೆಯಬಾರದು ಎಂಬಿವು ಅವುಗಳಲ್ಲಿ ಮುಖ್ಯವಾದುವು. ಆದರೆ ಹದಿನೆಂಟು ದಿನಗಳು ಕಳೆಯುವುದರೊಳಗೆ ಈ ಕಟ್ಟಳೆಗಳ ಗತಿಯೇನಾಯಿತು? ಅಭಿಮನ್ಯುವನ್ನು ಅನೇಕರು ಮುತ್ತಿ ಕೊಂದರು. ಭೂರಿಶ್ರವನು ಸಾತ್ಯಕಿಯೊಡನೆ ಕಾದುತ್ತಿದ್ದಾಗಲೇ ಅರ್ಜುನನ ಬಾಣದಿಂದ ಅವನ ತೋಳು ಕಡಿದು ಬಿದ್ದಿತು. ಹೂತುಹೋದ ರಥಚಕ್ರವನ್ನೆತ್ತುತ್ತಿದ್ದಾಗ ಕರ್ಣನು ಹತನಾದನು. ಕಟ್ಟಕಡೆಗೆ ಅಶ್ವತ್ಥಾಮನು ನಿದ್ರಿಸುತ್ತಿದ್ದವರನ್ನೇ ಕೊಂದನು. ಮೊದಲನೆಯ ದಿನದ ಬೆಳಗಿನಲ್ಲಿ ಧರ್ಮವನ್ನು ನುಡಿಯುವುದು ಸುಲಭ. ಬಂಧುಗಳ ಹೆಣಗಳು ಕಣ್ಣ ಮುಂದೆ ಬಿದ್ದಿರುವಾಗ ಅದನ್ನು ಉಳಿಸಿಕೊಳ್ಳುವುದು ಕಷ್ಟ.

ಈ ಹಳೆಯ ಸಂಕಟವು ಇಪ್ಪತ್ತನೆಯ ಶತಮಾನದಲ್ಲಿ ಹೊಸದೊಂದು ರಣರಂಗದಲ್ಲಿ ಮತ್ತೆ ತಲೆದೋರಿತು. ಆ ರಣರಂಗವು ಆಕಾಶ. ೧೯೦೩ರಲ್ಲಿ ಅಮೆರಿಕದ ರೈಟ್ ಸೋದರರು ಮೊದಲು ವಿಮಾನವನ್ನು ಹಾರಿಸಿದರು. ಎಂಟು ವರ್ಷಗಳಲ್ಲಿ ಅದು ಯುದ್ಧಕ್ಕೆ ಹೊರಟಿತು. ಯಂತ್ರಗಳು ಬಂದು ಶೌರ್ಯವನ್ನೂ ದಯೆಯನ್ನೂ ನುಂಗಿಬಿಟ್ಟವೆಂದು ಜನರು ಪೇಚಾಡುತ್ತಿದ್ದ ಕಾಲದಲ್ಲಿ, ಅತ್ಯಂತ ಹೊಸದಾದ ಈ ಯಂತ್ರದಲ್ಲಿ ಕುಳಿತವರೇ ಕೆಲವು ವೇಳೆ ಪುರಾತನ ವೀರರಂತೆ ನಡೆದುಕೊಂಡರೆಂಬುದು ವಿಚಾರಕ್ಕೆ ತಕ್ಕ ಸಂಗತಿಯಾಗಿದೆ.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಓಸ್ವಾಲ್ಡ್ ಬ್ಯೋಲ್ಕೆ ಎಂಬವನು ನಲವತ್ತು ವಿಮಾನಗಳನ್ನು ಕೆಡೆದವನೆಂದು ಪ್ರಸಿದ್ಧನಾಗಿದ್ದನು. ೧೯೧೬ರ ಅಕ್ಟೋಬರ್ ೨೮ರಂದು ತನ್ನ ಪಕ್ಷದವನದೇ ವಿಮಾನವು ತಾಗಿದುದರಿಂದ ಆತನು ಮಡಿದನು. ಆಗ ಆಂಗ್ಲೇಯ ವೈಮಾನಿಕರು ಶತ್ರುಪ್ರದೇಶದ ಮೇಲೆ ಹಾರಿಹೋಗಿ ಆತನ ಗೌರವಾರ್ಥವಾಗಿ ಒಂದು ಪುಷ್ಪಮಾಲೆಯನ್ನು ಕೆಡವಿ ಬಂದರು. ಎಂಬತ್ತು ಜಯಗಳನ್ನು ಪಡೆದಿದ್ದ ಮಾನ್‌ಫ್ರೆಡ್ ಫಾನ್ ರಿಖ್ಟ್‌ಹೋಫೆನ್ ೧೯೧೮ರ ಏಪ್ರಿಲ್ ೨೧ರಂದು ಫ್ರಾನ್ಸಿನಲ್ಲಿ ಹತನಾದಾಗ, ಆಸ್ಟ್ರೇಲಿಯದ ವೈಮಾನಿಕರು ಆತನ ಶವವನ್ನು ಬೆರ್‌ತಾಂಗ್ಲ್ ಎಂಬ ಊರಿನಲ್ಲಿ ಸೈನಿಕಮರ್ಯಾದೆಯಿಂದ ಹೂಳಿದರು. ಆತನು ಕೊಂದವರಲ್ಲಿ ಅವರ ಪಕ್ಷದವರು ಎಷ್ಟೋ ಮಂದಿಯಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಆದರೆ ಇತಿಹಾಸವನ್ನು ಬರೆಯುವವನು ಚಿತ್ರದ ಒಂದು ಪಾರ್ಶ್ವವನ್ನು ಮಾತ್ರ ತೋರಿಸಿದರೆ ಸಲ್ಲದು. ಗಗನದ ವೀರರೆಂಬ ಕೀರ್ತಿಯ ಬಹುಭಾಗವನ್ನು ಹಬ್ಬಿಸಿದವರು ಅಂದಿನ ವೃತ್ತಪತ್ರಿಕೆಗಳವರು. ಕೆಳಗೆ ಕಂದಕಗಳ ಕೆಸರಿನಲ್ಲಿ ಹೆಸರಿಲ್ಲದೆ ಸಾಯುತ್ತಿದ್ದ ಸಾವಿರಾರು ಮಂದಿಯ ಕಥೆಗಿಂತ, ಮೇಲೆ ಒಬ್ಬನೊಡನೊಬ್ಬನು ಕಾದುವ ಕಥೆಯು ಓದುವವರಿಗೆ ಹಿತವಾಗಿತ್ತು. ನಿಜವಾಗಿ ನೋಡಿದರೆ ಅನೇಕ ಜಯಗಳು, ಎದುರಾಳಿಯು ಕಾಣದಂತೆ ಹಿಂದಿನಿಂದ ಬಂದು ಹೊಡೆದು ಪಡೆದವು. ಆ ಯುದ್ಧದಲ್ಲಿ ಆಂಗ್ಲೇಯ ವೈಮಾನಿಕರಿಗೆ ಪ್ಯಾರಾಷೂಟುಗಳನ್ನು ಕೊಟ್ಟಿರಲಿಲ್ಲವಾದುದರಿಂದ, ವಿಮಾನಕ್ಕೆ ಬೆಂಕಿ ತಗುಲಿದವನು ಉರಿಯಲ್ಲಿ ಬೇಯಬೇಕು, ಇಲ್ಲವೇ ಬರಿಗೈಯಲ್ಲಿ ಧುಮುಕಬೇಕು. ಆಂಗ್ಲೇಯರಲ್ಲಿ ಅಗ್ರಗಣ್ಯನಾದ ಎಡ್ವರ್ಡ್ ಮ್ಯಾನಕ್ ಎಂಬವನು ಜರ್ಮನರನ್ನು ಮನಸಾರ ದ್ವೇಷಿಸುತ್ತಿದ್ದನು. ಆತನೂ ೧೯೧೮ರ ಜುಲೈ ತಿಂಗಳಿನಲ್ಲಿ ಉರಿಯುವ ವಿಮಾನದೊಡನೆಯೇ ನೆಲಕ್ಕುರುಳಿದನು. ಇದಲ್ಲದೆ, ಸತ್ತ ಶತ್ರುವಿಗೆ ಹೂಮಾಲೆಯನ್ನು ಹಾಕುವುದರಿಂದ ಹಾಕುವವನಿಗೆ ನಷ್ಟವೇನೂ ಇಲ್ಲ. ಸತ್ತವನು ಮತ್ತೆ ಎದ್ದು ಬಂದು ಹೊಡೆಯುವುದಿಲ್ಲವಷ್ಟೆ. ವೀರಧರ್ಮದ ಪರೀಕ್ಷೆಯು ನಡೆಯುವುದು ಬದುಕಿರುವ ಶತ್ರುವಿನ ವಿಷಯದಲ್ಲಿ. ಅದರಲ್ಲಿಯೂ, ಬದುಕಿ ಹಿಂದಿರುಗಿದರೆ ನಾಳೆ ಮತ್ತೆ ಬರಬಹುದಾದ ಶತ್ರುವಿನ ವಿಷಯದಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಈ ಪರೀಕ್ಷೆಯು ಪ್ಯಾರಾಷೂಟಿನ ರೂಪದಲ್ಲಿ ಬಂದಿತು. ವಿಮಾನವು ಕೆಟ್ಟು ಕೆಳಕ್ಕೆ ಧುಮುಕಿ, ಕೊಡೆಯ ಕೆಳಗೆ ತೂಗಾಡುತ್ತ ಇಳಿಯುವವನನ್ನು ಹೊಡೆಯಬಹುದೇ? ೧೯೪೦ರಲ್ಲಿ ಬ್ರಿಟನ್ನಿನ ಹೋರಾಟದ ವಿಮಾನಗಳಿಗೆ ಮುಖ್ಯಾಧಿಕಾರಿಯಾಗಿದ್ದ ಹ್ಯೂ ಡೌಡಿಂಗನು ಇದನ್ನು ತಾರ್ಕಿಕನಂತೆ ವಿಚಾರಮಾಡಿದನು. ಇಂಗ್ಲೆಂಡಿನ ನೆಲದ ಮೇಲೆ ಇಳಿಯುವ ಜರ್ಮನನು ಸೆರೆಯಾಳಾಗುವವನೇ ಆದುದರಿಂದ ಅವನನ್ನು ಹೊಡೆಯಕೂಡದು. ಆದರೆ ಅದೇ ನೆಲದ ಮೇಲೆ ಇಳಿಯುವ ಆಂಗ್ಲೇಯನು ಮರುದಿನವೇ ಬೇರೊಂದು ವಿಮಾನವನ್ನೇರಿ ಕಾದಬಲ್ಲವನಾದುದರಿಂದ, ಅವನನ್ನು ಹೊಡೆಯುವ ಹಕ್ಕು ಜರ್ಮನರಿಗೆ ಉಂಟು ಎಂಬುದು ಆತನ ಅಭಿಪ್ರಾಯ. ತನ್ನ ಪಕ್ಷಕ್ಕೆ ವಿರುದ್ಧವಾದ ತೀರ್ಮಾನವನ್ನು ಇಷ್ಟು ನಿಷ್ಪಕ್ಷಪಾತವಾಗಿ ಒಪ್ಪಿಕೊಂಡ ಸೇನಾನಿಗಳು ವಿರಳ. ಆದರೆ ಆ ಹಕ್ಕನ್ನು ಉಪಯೋಗಿಸಲು ಒಪ್ಪದವರು ಜರ್ಮನರಲ್ಲಿಯೇ ಇದ್ದರು. ಅಂತಹ ಆಜ್ಞೆಯನ್ನು ಕೊಟ್ಟರೆ ಏನೆನ್ನುವೆಯೆಂದು ಗೋರಿಂಗನು ತನ್ನನ್ನು ಕೇಳಿದನೆಂದೂ, ಅದು ಕೊಲೆಯಾಗುವುದೆಂದೂ ತಾನು ಆ ಆಜ್ಞೆಯನ್ನು ಮೀರಲು ಯತ್ನಿಸುವೆನೆಂದೂ ಉತ್ತರಕೊಟ್ಟೆನೆಂದು ಜರ್ಮನ್ ವೈಮಾನಿಕನಾದ ಅಡಾಲ್ಫ್ ಗಾಲಂಡನು ತನ್ನ ಸ್ಮರಣೆಗಳಲ್ಲಿ ಬರೆದಿದ್ದಾನೆ.

ಇದೇ ಗಾಲಂಡನ ಸಂಬಂಧವಾಗಿ ಇನ್ನೊಂದು ವೃತ್ತಾಂತವಿದೆ. ಎರಡು ಕಾಲುಗಳನ್ನೂ ಕಳೆದುಕೊಂಡು ಕೃತಕಪಾದಗಳಿಂದಲೇ ವಿಮಾನವನ್ನು ನಡೆಸುತ್ತಿದ್ದ ಆಂಗ್ಲೇಯ ವೀರ ಡಗ್ಲಸ್ ಬೇಡರನು ೧೯೪೧ರ ಆಗಸ್ಟ್ ೯ರಂದು ಫ್ರಾನ್ಸಿನಲ್ಲಿ ಸೆರೆಸಿಕ್ಕಿದನು. ವಿಮಾನದಿಂದ ಧುಮುಕುವಾಗ ಒಂದು ಕೃತಕಪಾದವು ಅಲ್ಲಿಯೇ ಸಿಕ್ಕಿಕೊಂಡು ಹೋಯಿತು. ಗಾಲಂಡನ ದಳದವರು ಸೆರೆಯಾಳನ್ನು ಅತಿಥಿಯಂತೆ ಬರಮಾಡಿಕೊಂಡರು. ಹೊಸ ಪಾದವನ್ನು ತರುವ ವಿಮಾನಕ್ಕೆ ನಿರ್ಬಾಧವಾದ ದಾರಿಯನ್ನು ಕೊಡುವೆವೆಂದು ಜರ್ಮನರು ಇಂಗ್ಲೆಂಡಿಗೆ ತಿಳಿಸಿದರು. ಆಂಗ್ಲೇಯರು ಆ ಉಪಕಾರವನ್ನು ಸ್ವೀಕರಿಸದೆ, ಹತ್ತು ದಿನಗಳ ತರುವಾಯ ಬಾಂಬುಹಾಕಲು ಹೊರಟ ವಿಮಾನದಿಂದಲೇ ಪಾದವನ್ನು ಪ್ಯಾರಾಷೂಟಿನಲ್ಲಿ ಇಳಿಬಿಟ್ಟರು. ಒಂದೇ ಪ್ರಯಾಣದಲ್ಲಿ ಪಾದವೂ ಬಾಂಬೂ! ವೈಮಾನಿಕರಿಗೂ ಅವರನ್ನು ಆಳುವವರಿಗೂ ನಡುವೆ ಇದ್ದ ಅಂತರವು ಇದರಿಂದ ತಿಳಿಯುತ್ತದೆ.

ಇನ್ನು ಪ್ರಕೃತವಾದ ಮುಖ್ಯ ವೃತ್ತಾಂತಕ್ಕೆ ಬರೋಣ.

೧೯೪೩ರ ಡಿಸೆಂಬರ್ ೨೦ರಂದು ಅಮೆರಿಕದ ಬಾಂಬರ್ ವಿಮಾನಗಳು ಇಂಗ್ಲೆಂಡಿನಿಂದ ಹೊರಟು, ಜರ್ಮನಿಯ ಬ್ರೆಮೆನ್ ನಗರದ ವಿಮಾನ ಕಾರ್ಖಾನೆಯನ್ನು ನಾಶಗೊಳಿಸಲು ಹೋದವು. ಅವುಗಳಲ್ಲೊಂದು ಬಿ-೧೭ ಎಂಬ ಜಾತಿಯದು. ಹಾರುವ ಕೋಟೆಯೆಂದು ಅದಕ್ಕೆ ಹೆಸರು. ನಾಲ್ಕು ಎಂಜಿನುಗಳು, ಹನ್ನೊಂದು ಮೆಷಿನ್‌ಗನ್ನುಗಳು, ಹತ್ತು ಮಂದಿ ಆಳುಗಳು. ನಾಯಕನು ಚಾರ್ಲ್ಸ್ ಬ್ರೌನ್ ಎಂಬ ಇಪ್ಪತ್ತೊಂದು ವರ್ಷದ ತರುಣ, ಪಶ್ಚಿಮ ವರ್ಜೀನಿಯದವನು. ತನ್ನ ಆಳುಗಳೊಡನೆ ನಾಯಕನಾಗಿ ಯುದ್ಧಕ್ಕೆ ಹೊರಟುದು ಆತನಿಗೆ ಅದೇ ಮೊದಲು.

ಬಾಂಬುಗಳನ್ನು ಹಾಕುವುದಕ್ಕೆ ಮೊದಲೇ ನೆಲದ ಫಿರಂಗಿಗಳ ಗುಂಡುಗಳು ವಿಮಾನದ ಮೂಗನ್ನು ಒಡೆದವು. ಒಂದು ಎಂಜಿನು ನಿಂತಿತು, ಮತ್ತೊಂದು ಕೆಟ್ಟಿತು. ವೇಗವು ಕುಗ್ಗಿ ವಿಮಾನವು ಹಿಂಡಿನಿಂದ ಹಿಂದುಳಿಯಿತು. ಹಿಂಡನ್ನಗಲಿದ ಹಸುವಿಗೆ ತೋಳಗಳು ಮುತ್ತುವಂತೆ ಜರ್ಮನರ ಹೋರಾಟದ ವಿಮಾನಗಳು ಬಂದು ಮುತ್ತಿದವು. ಹೊರಗೆ ಪ್ರಾಣವನ್ನು ಹಿಂಡುವ ಚಳಿ. ಅದರಿಂದ ಮೆಷಿನ್‌ಗನ್ನುಗಳಲ್ಲಿ ಹೆಚ್ಚಿನವು ಸ್ತಬ್ಧವಾದವು. ಗಾಯಾಳುಗಳ ನೋವನ್ನು ತಗ್ಗಿಸುವ ಔಷಧವೂ ಹೆಪ್ಪುಗಟ್ಟಿತು. ಬಾಲದಲ್ಲಿ ಕುಳಿತಿದ್ದ ಬಂದೂಕುಗಾರನು ಮಡಿದನು. ಉಳಿದವರಲ್ಲಿ ಅನೇಕರು ಗಾಯಗೊಂಡರು. ಪ್ರಾಣವಾಯುವಿನ ಕೊಳವೆಗಳು ಹರಿದುದರಿಂದ ಬ್ರೌನನು ಎಚ್ಚರತಪ್ಪಿದನು. ವಿಮಾನವು ತಿರುಗುತ್ತ ಕೆಳಕ್ಕಿಳಿದು ದಟ್ಟವಾದ ಗಾಳಿಯಿದ್ದ ಎಡೆಗೆ ಬಂದ ಮೇಲೆ ಆತನಿಗೆ ಎಚ್ಚರವುಂಟಾಗಿ, ಹೇಗೋ ಅದನ್ನು ಸಮಸ್ಥಿತಿಗೆ ತಂದನು.

ಹೀಗೆ ನೆಲಕ್ಕೆ ಸಮೀಪವಾಗಿ ತೆವಳುವಂತೆ ಹಾರುತ್ತಿದ್ದ ಈ ವಿಮಾನವನ್ನು, ಕೆಳಗೆ ನಿಲ್ದಾಣದಲ್ಲಿ ತನ್ನ ಮೆಸ್ಸರ್‌ಷ್ಮಿಟ್ ವಿಮಾನಕ್ಕೆ ಎಣ್ಣೆಯನ್ನೂ ಗುಂಡುಗಳನ್ನೂ ತುಂಬಿಸುತ್ತಿದ್ದ ಫ್ರಾಂಟ್ಸ್ ಸ್ಟಿಗ್ಲರನು ಕಂಡನು. ಆತನು ಬವೇರಿಯದ ರೇಗೆನ್ಸ್‌ಬುರ್ಗಿನವನು, ವಯಸ್ಸು ಇಪ್ಪತ್ತೆಂಟು. ಬಾಂಬರ್ ವೈಮಾನಿಕನಾಗಿದ್ದ ಆತನ ಅಣ್ಣನು ೧೯೪೦ರಲ್ಲಿಯೇ ಮಡಿದಿದ್ದನು. ಇನ್ನೊಂದು ಬಾಂಬರನ್ನು ಕೆಡೆದರೆ ಜರ್ಮನಿಯ ಬಹುದೊಡ್ಡ ಬಿರುದಾದ ನೈಟ್ಸ್ ಕ್ರಾಸ್ ಪದಕವು ಆತನ ಕೊರಳಿಗೆ ಬರುವಂತಿತ್ತೆಂದು ಆತನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ದ್ವೇಷ, ಕೀರ್ತಿ, ಕರ್ತವ್ಯ ಈ ಮೂರೂ ಒಂದೇ ಕಡೆಗೆ ಎಳೆಯುತ್ತಿದ್ದವು. ಸ್ಟಿಗ್ಲರನು ಒಡನೆಯೇ ಮೇಲಕ್ಕೇರಿ ಹಿಂದಿನಿಂದ ಸಮೀಪಿಸಿದನು.

ಆದರೆ ಬಾಲದ ಬಂದೂಕುಗಳು ತನ್ನ ಕಡೆಗೆ ಏಳಲಿಲ್ಲ. ಇನ್ನೂ ಹತ್ತಿರಕ್ಕೆ ಹೋಗಲು, ಬಂದೂಕುಗಾರನು ಸತ್ತು ಬಿದ್ದುದು ಕಾಣಿಸಿತು. ಪಕ್ಕಕ್ಕೆ ಬಂದು ನೋಡಿದರೆ, ವಿಮಾನದ ಮೈ ಹರಿದ ಸಂದುಗಳಲ್ಲಿ, ಗಾಯಗೊಂಡವರು ಒಬ್ಬರನ್ನೊಬ್ಬರು ಆರೈಕೆಮಾಡುತ್ತಿದ್ದುದು ತೋರಿತು. ಆಗ ಆತನಿಗೆ ತನ್ನ ಹಳೆಯ ದಳಪತಿ ಗುಸ್ಟಾವ್ ರ್ಯೋಡೆಲನ ಮಾತು ನೆನಪಿಗೆ ಬಂದಿತಂತೆ. ಆಫ್ರಿಕದ ಮರುಭೂಮಿಯಲ್ಲಿ ಕಾದುತ್ತಿದ್ದಾಗ ರ್ಯೋಡೆಲನು, ಪ್ಯಾರಾಷೂಟಿನಲ್ಲಿ ಇಳಿಯುವವನನ್ನು ನಿಮ್ಮಲ್ಲಿ ಯಾರಾದರೂ ಹೊಡೆದುದು ಕಿವಿಗೆ ಬಿದ್ದರೆ ನಾನೇ ಅವನನ್ನು ಹೊಡೆದುಹಾಕುವೆನೆಂದು ಎಚ್ಚರಿಸಿದ್ದನು. ಈ ವಿಮಾನದಲ್ಲಿರುವವರು ಪ್ಯಾರಾಷೂಟಿನಲ್ಲಿ ತೂಗಾಡುವವರಿಗೆ ಸಮಾನರೇ ಎಂದು ಸ್ಟಿಗ್ಲರನಿಗೆ ತೋರಿತು. ಆತನು ಗುಂಡು ಹಾರಿಸಲಿಲ್ಲ.

ಹೊಡೆಯದೆ ಬಿಟ್ಟುದು ಒಂದು. ಅದಕ್ಕಿಂತ ಮಿಗಿಲಾದುದನ್ನೂ ಆತನು ಮಾಡಿದನು. ಬಾಂಬರಿನ ಎಡಮಗ್ಗುಲಿಗೆ ರೆಕ್ಕೆಗೆ ರೆಕ್ಕೆ ತಾಗುವಂತೆ ಬಂದು, ಜರ್ಮನಿಯಲ್ಲಿಯೇ ಇಳಿದು ಶರಣಾಗುವಂತೆಯೂ, ಇಲ್ಲವೇ ತಟಸ್ಥರಾಷ್ಟ್ರವಾದ ಸ್ವೀಡನ್ನಿಗೆ ತಿರುಗುವಂತೆಯೂ ಕೈಸನ್ನೆಮಾಡಿದನು. ಬ್ರೌನನಿಗೆ ಅದು ಅರ್ಥವಾಗಲಿಲ್ಲ. ಕಡಲ ತೀರದಲ್ಲಿ ವಿಮಾನನಾಶಕ ಫಿರಂಗಿಗಳ ಸಾಲಿತ್ತು. ಬಾಂಬರೊಂದೇ ಹೋದರೆ ಅವು ಅದನ್ನು ಚೂರುಮಾಡುವುದು ನಿಶ್ಚಯ. ಆದುದರಿಂದ ತನ್ನ ವಿಮಾನವನ್ನು ಕಂಡು ಫಿರಂಗಿಯವರು ಹೊಡೆಯದಿರಲೆಂದು ಸ್ಟಿಗ್ಲರನು ಸಮುದ್ರದವರೆಗೂ ಜೊತೆಯಲ್ಲಿಯೇ ಹಾರಿದನು. ಈ ಹೊತ್ತಿಗೆ ಬ್ರೌನನು ಕಳವಳಗೊಂಡು, ಮೇಲಣ ಬಂದೂಕುಗಾರನಿಗೆ ಶತ್ರುವಿನ ಕಡೆಗೆ ಗುರಿಹಿಡಿಯುವಂತೆ ಹೇಳಿದನು; ಆದರೆ ಗುಂಡು ಹಾರಿಸಬೇಡವೆಂದನು. ಹೀಗೆ ಎರಡು ಕಡೆಯಲ್ಲಿಯೂ ಬೆರಳು ತಡೆದು ನಿಂತಿತು. ಕಡಲಿನ ಮೇಲೆ ಬಂದ ಬಳಿಕ ಸ್ಟಿಗ್ಲರನು ಸೈನಿಕವಂದನೆಯನ್ನು ಸಲ್ಲಿಸಿ ಹಿಂದಿರುಗಿದನು. ಬ್ರೌನನು ಸುಮಾರು ೨೫೦ ಮೈಲಿಗಳ ಸಮುದ್ರವನ್ನು ದಾಟಿ ಇಂಗ್ಲೆಂಡಿನ ಸೀದಿಂಗ್ ನಿಲ್ದಾಣದಲ್ಲಿ ಇಳಿದನು.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋದರೆ ಅದು ಇತಿಹಾಸವಾಗದು; ಪುರಾಣಶ್ರವಣವಾದೀತು. ಸ್ಟಿಗ್ಲರನು ಮಾಡಿದುದು ದಯೆಯೋ, ಸ್ವಜನದ್ರೋಹವೋ? ಆ ವಿಮಾನವು ಕೆಲವು ನಿಮಿಷಗಳಿಗೆ ಮುನ್ನ ಬ್ರೆಮೆನ್ನಿನ ಮೇಲೆ ಬಾಂಬುಗಳನ್ನು ಹಾಕಿತ್ತು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಹಾಂಬುರ್ಗ್ ನಗರದ ಮೇಲೆ ನಡೆದ ಬಾಂಬುದಾಳಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರು, ಹೆಂಗಸರು ಮಕ್ಕಳೆನ್ನದೆ, ಬೆಂದು ಸತ್ತಿದ್ದರು. ಬಿಟ್ಟುಬಿಟ್ಟ ಬ್ರೌನನು ಯುದ್ಧವನ್ನು ತೊರೆದು ಮನೆಗೆ ಹೋದವನೂ ಅಲ್ಲ. ಗುಣಹೊಂದಿ, ತನಗೆ ನಿಯಮಿತವಾಗಿದ್ದಷ್ಟು ದಾಳಿಗಳನ್ನು ಮುಗಿಸಿಯೇ ಸ್ವದೇಶಕ್ಕೆ ತೆರಳಿದನು. ಬಾಂಬು ಬಿದ್ದ ಮನೆಯ ತಾಯಿಯೊಬ್ಬಳು ಸ್ಟಿಗ್ಲರನನ್ನು ಕಂಡು, ನಿನ್ನ ದಯೆಗೆ ನಾವು ತೆತ್ತ ಬೆಲೆಯೇನು ಬಲ್ಲೆಯಾ ಎಂದು ಕೇಳಿದ್ದರೆ ಆತನು ಏನೆನ್ನುತ್ತಿದ್ದನು? ಇನ್ನೊಂದು ಪಕ್ಷದಲ್ಲಿ, ವಾರ್ಸಾ, ರಾಟರ್‌ಡ್ಯಾಮ್, ಲಂಡನ್, ಕವೆಂಟ್ರಿಗಳ ಮೇಲೆ ಬಾಂಬುಗಳನ್ನು ಸುರಿಸಿದವರು ಜರ್ಮನರೇ ಎಂಬುದನ್ನೂ, ಆತನು ಸೇವಿಸುತ್ತಿದ್ದ ರಾಜ್ಯವು ಲಕ್ಷಾಂತರ ನಿರಪರಾಧಿಗಳನ್ನು ಕೊಲ್ಲುತ್ತಿದ್ದಿತೆಂಬುದನ್ನೂ ಮರೆಯಲಾಗದು. ಗಗನದಲ್ಲಿ ತೋರಿದ ಒಂದು ಸೌಜನ್ಯವು ನೆಲದ ಮೇಲಣ ಈ ಮಹಾಪಾತಕಗಳಲ್ಲಿ ಒಂದನ್ನಾದರೂ ತೊಳೆಯಲಾರದು.

ಕಾನೂನಿನ ದೃಷ್ಟಿಯಿಂದ ನೋಡಿದರೂ ಸ್ಟಿಗ್ಲರನಿಗೆ ಆಶ್ರಯವಿರಲಿಲ್ಲ. ಕೆಟ್ಟ ವಿಮಾನದಿಂದ ಪ್ಯಾರಾಷೂಟಿನಲ್ಲಿ ಇಳಿಯುವವರನ್ನು ಹೊಡೆಯಬಾರದೆಂಬ ನಿಯಮವನ್ನು ೧೯೨೩ರಲ್ಲಿ ಹೇಗ್ ನಗರದಲ್ಲಿ ಪಂಡಿತರು ಬರೆದಿಟ್ಟರು. ಆದರೆ ಯಾವ ರಾಷ್ಟ್ರವನ್ನೂ ಬಂಧಿಸುವ ಒಪ್ಪಂದವಾಗಿ ಅದು ಅಂಗೀಕೃತವಾಗಲಿಲ್ಲ. ಜಿನೀವ ಒಪ್ಪಂದಗಳಿಗೆ ೧೯೭೭ರಲ್ಲಿ ಸೇರಿದ ಅನುಬಂಧದ ನಲವತ್ತೆರಡನೆಯ ವಿಧಿಯಿಂದ ಅದು ಲಿಖಿತ ಶಾಸನವಾಯಿತು. ರ್ಯೋಡೆಲನಂತಹ ದಳಪತಿಗಳ ಬಾಯಿಮಾತಾಗಿದ್ದ ಕಟ್ಟಳೆಯು ಶಾಸನವಾಗುವುದಕ್ಕೆ ಇಷ್ಟು ಕಾಲ ಹಿಡಿಯಿತು. ಅಷ್ಟಾದರೂ ಆ ವಿಧಿಯು ರಕ್ಷಿಸುವುದು ವಿಮಾನದಿಂದ ಧುಮುಕಿದವರನ್ನು. ಶರಣಾಗದೆ ತಮ್ಮ ನೆಲೆಗೆ ಹಾರುತ್ತಿರುವವರನ್ನಲ್ಲ. ಆದುದರಿಂದ ಸ್ಟಿಗ್ಲರನು ಅಂದು ಯಾವ ಶಾಸನವನ್ನೂ ಪಾಲಿಸಲಿಲ್ಲ. ಶಾಸನವು ಕೇಳದೆ ಇದ್ದುದನ್ನು ತಾನಾಗಿಯೇ ಕೊಟ್ಟನು.

ಇದನ್ನು ಯಾವ ಸೇನಾಪತಿಯೂ ತನ್ನ ಸೈನಿಕನಿಂದ ನಿರೀಕ್ಷಿಸುವಂತಿಲ್ಲ, ಯಾವ ಶತ್ರುವೂ ಹಕ್ಕಾಗಿ ಕೇಳುವಂತಿಲ್ಲ. ಎಲ್ಲರೂ ಹೀಗೆಯೇ ಮಾಡಬೇಕೆಂದು ವಿಧಿಸಿದರೆ ಯುದ್ಧವೇ ನಡೆಯದು. ಒಬ್ಬನೂ ಹೀಗೆ ಮಾಡಲಾರನೆಂದಾದರೆ ಯುದ್ಧವು ಮುಗಿದ ಮೇಲೆ ಮನುಷ್ಯರೆಂದು ಉಳಿಯುವವರು ಯಾರು? ನಮ್ಮ ಧರ್ಮಶಾಸ್ತ್ರಕಾರರು ಶ್ರುತಿ, ಸ್ಮೃತಿ, ಸದಾಚಾರಗಳನ್ನು ಹೇಳಿದ ಬಳಿಕ, ಆತ್ಮತುಷ್ಟಿಯನ್ನೂ ಧರ್ಮಕ್ಕೆ ಒಂದು ಪ್ರಮಾಣವೆಂದು ಏತಕ್ಕೆ ಇಟ್ಟರೆಂಬುದು ಇಂತಹ ಸಂದರ್ಭದಲ್ಲಿ ಹೊಳೆಯುತ್ತದೆ. ಬರೆದ ಕಟ್ಟಳೆಯು ಮುಗಿದುಹೋಗುವ ಎಡೆಯೊಂದುಂಟು; ಅಲ್ಲಿಂದಾಚೆಗೆ ಮನುಷ್ಯನು ತನ್ನ ಅಂತಃಕರಣವೊಂದನ್ನೇ ಕೇಳಬೇಕಾಗುತ್ತದೆ.

ಎರಡು ರಾಜ್ಯಗಳೂ ಈ ಕಾರ್ಯವನ್ನು ಸಹಿಸುವಂತಿರಲಿಲ್ಲವೆಂಬುದೂ ಗಮನಾರ್ಹವಾಗಿದೆ. ಶತ್ರುವನ್ನು ಬಿಟ್ಟುದು ಹೊರಬಿದ್ದರೆ ಸೈನಿಕನ್ಯಾಯಾಲಯವು ತನ್ನನ್ನು ಮರಣಕ್ಕೆ ಗುರಿಮಾಡಬಹುದೆಂದರಿತ ಸ್ಟಿಗ್ಲರನು ಬಾಯಿ ಬಿಡಲಿಲ್ಲ. ಇತ್ತ ಬ್ರೌನನು ನಡೆದುದನ್ನು ನಡೆದಂತೆ ಅರಿಕೆಮಾಡಿದಾಗ, ಜರ್ಮನರ ಬಗ್ಗೆ ಸದ್ಭಾವವು ಹುಟ್ಟೀತೆಂಬ ಭಯದಿಂದ, ಇದನ್ನು ಯಾರಿಗೂ ಹೇಳಕೂಡದೆಂದು ಮೇಲಣವರು ಕಟ್ಟುಮಾಡಿದರು. ದ್ವೇಷವನ್ನು ಸಾರಲು ಎರಡು ರಾಜ್ಯಗಳಿಗೂ ಬೇಕಾದಷ್ಟು ನಾಲಗೆಗಳಿದ್ದವು; ದಯೆಯ ವಿಷಯದಲ್ಲಿ ಎರಡೂ ಮೂಕವಾದವು.

ಯುದ್ಧಾನಂತರ ೧೯೫೩ರಲ್ಲಿ ಸ್ಟಿಗ್ಲರನು ಕೆನಡಾ ದೇಶಕ್ಕೆ ಹೋಗಿ ನೆಲಸಿದನು. ಬ್ರೌನನಿಗೆ ಆ ಅಜ್ಞಾತ ಶತ್ರುವಿನ ಮುಖವು ಮರೆಯಲಿಲ್ಲ. ೧೯೮೬ರ ತರುವಾಯ ಆತನು ಹುಡುಕಲಾರಂಭಿಸಿ, ಸೇನೆಗಳ ದಾಖಲೆಗಳಲ್ಲಿ ಫಲಕಾಣದೆ, ಹಳೆಯ ವೈಮಾನಿಕರ ಪತ್ರಿಕೆಯೊಂದರಲ್ಲಿ ಪ್ರಕಟನೆಯನ್ನು ಕೊಟ್ಟನು. ೧೯೯೦ರಲ್ಲಿ ಕೆನಡಾದಿಂದ ಸ್ಟಿಗ್ಲರನ ಕಾಗದವು ಬಂದಿತು. ಅವರಿಬ್ಬರೂ ಅದೇ ವರ್ಷ ಭೇಟಿಯಾದರು. ನಲವತ್ತಾರು ವರ್ಷಗಳ ಕೆಳಗೆ ಕೆಲವು ನಿಮಿಷಗಳ ಕಾಲ ಗಾಜಿನ ಮೂಲಕ ಒಬ್ಬರ ಮುಖವನ್ನೊಬ್ಬರು ನೋಡಿದ್ದವರು, ಅಲ್ಲಿಂದ ಮುಂದೆ ಹದಿನೆಂಟು ವರ್ಷ ಸೋದರರಂತೆ ಬಾಳಿದರು. ೨೦೦೮ರ ಮಾರ್ಚಿಯಲ್ಲಿ ಸ್ಟಿಗ್ಲರನೂ ಅದೇ ವರ್ಷದ ನವೆಂಬರಿನಲ್ಲಿ ಬ್ರೌನನೂ ಕಾಲವಶರಾದರು. ಆ ಅಜ್ಞಾತ ಜರ್ಮನನನ್ನು ಇತಿಹಾಸಕ್ಕೆ ಒಪ್ಪಿಸಿದವನು ಆತನ ಮಿತ್ರನಲ್ಲ, ಬಂಧುವಲ್ಲ, ರಾಜನಲ್ಲ, ಆತನ ಶತ್ರು.

ವೀರನಿಗೆ ಶತ್ರುವೇ ಸಾಕ್ಷಿಯೆಂಬುದಕ್ಕೆ ನಮ್ಮ ನಾಡಿನ ಒಂದು ನಿದರ್ಶನವನ್ನೂ ಕೊಡಬಹುದು. ಅದು ಪ್ರಾಣದಾನದ ಕಥೆಯಲ್ಲ. ಉಭಯರೂ ಕೈಮಿಗಿಲಾಗಿ ಕಾದಿದ ಕಥೆ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು ೧೯೬೫ರ ಸೆಪ್ಟೆಂಬರ್ ೭ರಂದು ಪಾಕಿಸ್ತಾನದ ಸರ್ಗೋಧ ವಿಮಾನನಿಲ್ದಾಣದ ಮೇಲಣ ದಾಳಿಯಲ್ಲಿ ಮಿಸ್ತೇರ್ ಎಂಬ ವಿಮಾನದಲ್ಲಿ ಹೋಗಿದ್ದರು, ಹಿಂದಿರುಗಲಿಲ್ಲ. ಅವರೇನಾದರೆಂಬುದು ನಮ್ಮವರಿಗೆ ತಿಳಿಯದೆ, ಕಾಣೆಯಾದವರೆಂದು ಬರೆದುಕೊಂಡರು. ಪಾಕಿಸ್ತಾನದ ಕಡೆಯ ವಿವರಗಳನ್ನು ಸಂಗ್ರಹಿಸಿ ಆಂಗ್ಲ ಲೇಖಕ ಜಾನ್ ಫ್ರಿಕರ್ ಎಂಬವನು ೧೯೭೯ರಲ್ಲಿ ಗ್ರಂಥವನ್ನು ಪ್ರಕಟಿಸಿದ ಬಳಿಕ ಸಂಗತಿಯು ಬೆಳಕಿಗೆ ಬಂದಿತು. ವೇಗದಲ್ಲಿ ತಮ್ಮದಕ್ಕಿಂತ ಬಹಳ ಮೇಲಾದ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿ ಹೊಡೆದಾಗಲೂ ದೇವಯ್ಯನವರು ತಿರುಗಿ ನಿಂತು ಕಾದಿ ಅದನ್ನು ಕೆಡೆದಿದ್ದರು. ಅದರ ವೈಮಾನಿಕ ಅಮ್ಜದ್ ಹುಸೇನನು ಪ್ಯಾರಾಷೂಟಿನಿಂದ ಇಳಿದು ಬದುಕಿದನು. ದೇವಯ್ಯನವರು ಅಲ್ಲಿಯೇ ಮಡಿದರು. ೧೯೮೮ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ಮೇಲೆ, ಅವರಿಗೆ ಮಹಾವೀರಚಕ್ರವು ಸಂದಿತು. ಶತ್ರುಪಕ್ಷದವರು ಈ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಕೊಡಗಿನ ಆ ವೀರನ ಕೊನೆಯ ಕಾಳಗವು ನಮಗೆ ಎಂದೆಂದಿಗೂ ತಿಳಿಯುತ್ತಿರಲಿಲ್ಲ.

ಈ ಸತ್ಯವನ್ನು ನಮ್ಮ ಮಹಾಕವಿ ರನ್ನನು ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದನು. ಆತನ ಗದಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ಹೆಣಗಳಿಂದ ತುಂಬಿದ ರಣಭೂಮಿಯಲ್ಲಿ ನಡೆಯುತ್ತ ಬರುವಾಗ, ಬಿದ್ದಿದ್ದ ಅಭಿಮನ್ಯುವನ್ನು ಕಾಣುತ್ತಾನೆ. ಆ ಬಾಲಕನು ಶತ್ರುವಿನ ಮಗ. ತನ್ನ ಮಗನನ್ನು ಕೊಂದವನು. ಆದರೂ ದುರ್ಯೋಧನನು ಅಲ್ಲಿ ನಿಂತು ಆತನ ಶೌರ್ಯವನ್ನು ಹೊಗಳಿ ಕೈಮುಗಿಯುತ್ತಾನೆ. ಇದರಿಂದ ದುರ್ಯೋಧನನ ಪಾಪಗಳು ಪರಿಹಾರವಾದವೆಂದು ರನ್ನನು ಹೇಳುವುದಿಲ್ಲ. ಓದುವ ನಾವೂ ಹಾಗೆ ತಿಳಿಯುವುದಿಲ್ಲ. ಆದರೆ ಅಷ್ಟು ಪಾಪಗಳ ನಡುವೆಯೂ ಆತನಲ್ಲಿ ಕೆಡದೆ ಉಳಿದಿದ್ದುದೇನೆಂಬುದು ಆ ಒಂದು ಕ್ಷಣದಲ್ಲಿ ಕಾಣುತ್ತದೆ.

ಬ್ರೆಮೆನ್ನಿನ ಆಕಾಶದಲ್ಲಿ ನಡೆದುದನ್ನೂ ಹೀಗೆಯೇ ಅಳೆಯಬೇಕೆಂದು ನನಗೆ ತೋರುತ್ತದೆ. ಅದರಿಂದ ಯುದ್ಧವು ಒಂದು ಗಳಿಗೆಯೂ ಮುಂಚೆ ನಿಲ್ಲಲಿಲ್ಲ. ಯಾವ ನಗರವೂ ಉಳಿಯಲಿಲ್ಲ. ಉಳಿದವರು ಒಂಬತ್ತು ಮಂದಿ. ಮುಂದೆ ಅವರಲ್ಲಿ ಹಲವರಿಗೆ ಮಕ್ಕಳು ಮೊಮ್ಮಕ್ಕಳಾದರು. ಇಷ್ಟು ಅಲ್ಪವೆನ್ನುವವರು ಎನ್ನಲಿ. ಕೊಲ್ಲುವುದಕ್ಕೆ ಅಧಿಕಾರವೂ ಸಾಮರ್ಥ್ಯವೂ ಕಾರಣವೂ ಇದ್ದು ಕೊಲ್ಲದೆ ಬಿಟ್ಟವನೊಬ್ಬನ ಕಥೆಯನ್ನು, ಕೊಂದವರ ಕಥೆಗಳನ್ನು ಮಕ್ಕಳಿಗೆ ಕಲಿಸುವಷ್ಟೇ ಶ್ರದ್ಧೆಯಿಂದ ಕಲಿಸುವುದು ಇತಿಹಾಸವನ್ನು ಬೋಧಿಸುವವರೆಲ್ಲರ ಕರ್ತವ್ಯವೆಂದು ವಾಚಕ ಮಹಾಶಯರಲ್ಲಿ ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇನೆ.